ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ: ಗ್ರಂಥದ ಗಾತ್ರವನ್ನು ಅಳೆದು ಬರೆದ ಮುನಿವರ್ಯರು

ಗೊಮ್ಮಟಸಾರ ಎಂಬ ಹೆಸರು ಕೇಳದ ಜೈನ ಮನೆ ನಮ್ಮ ರಾಜ್ಯದಲ್ಲಿ ಕಡಿಮೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮನೆಗಳೂ ಕಡಿಮೆಯೇ. ಬಸದಿಯ ಕಪಾಟಿನಲ್ಲಿ ಅದು ಇರುತ್ತದೆ, ಚಾತುರ್ಮಾಸದಲ್ಲಿ ಮುನಿಗಳು ಅದರ ಮೇಲೆ ಪ್ರವಚನ ಮಾಡುತ್ತಾರೆ, ಗುಣಸ್ಥಾನ 14, ಕರ್ಮಪ್ರಕೃತಿ 148 ಎಂದು ಮಕ್ಕಳು ಪಾಠಶಾಲೆಯಲ್ಲಿ ಹೇಳುತ್ತಾರೆ. ಈ ಲೆಕ್ಕಗಳೆಲ್ಲ ಇಂದು ನಮ್ಮ ಬಾಯಲ್ಲಿ ಇರುವುದಕ್ಕೆ ಬಹುಮಟ್ಟಿಗೆ ಕಾರಣ, ಸಾವಿರ ವರ್ಷದ ಹಿಂದೆ ಒಬ್ಬ ಆಚಾರ್ಯರು ಮಾಡಿದ ಒಂದು ತೀರ್ಮಾನ. ಆಗಮದ ದೊಡ್ಡ ಭಂಡಾರವನ್ನು ಎಷ್ಟು ಚಿಕ್ಕದು ಮಾಡಬೇಕು, ಎಲ್ಲಿ ಚಿಕ್ಕದು ಮಾಡಬಾರದು ಎಂಬ ತೀರ್ಮಾನ ಅದು.

ಆ ಭಂಡಾರ ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡಬೇಕು. ಗಿರನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮಗೆ ನೆನಪಿದ್ದ ಶ್ರುತ ತಮ್ಮೊಂದಿಗೇ ಹೋಗಿಬಿಡಬಾರದೆಂದು ದಕ್ಷಿಣದಿಂದ ಬಂದ ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಕಲಿಸಿದರು. ಪುಷ್ಪದಂತರು ಮೊದಲ 177 ಸೂತ್ರಗಳನ್ನು ರಚಿಸಿದರು, ಉಳಿದದ್ದನ್ನು ಭೂತಬಲಿ ಮುಗಿಸಿದರು. ಅದು ಷಟ್ಖಂಡಾಗಮ. ಶ್ರುತಪಂಚಮಿಯನ್ನು ನಾವು ಆಚರಿಸುವುದು ಅದು ಬರಹಕ್ಕೆ ಇಳಿದ ನೆನಪಿಗೆ. ಸೂತ್ರಗಳು ಚಿಕ್ಕವು, ಅರ್ಥ ಆಳವಾದದ್ದು. ಹಾಗಾಗಿ ಕಾಲಕಾಲಕ್ಕೆ ಟೀಕೆಗಳು ಬೆಳೆದವು. ಕ್ರಿ.ಶ. 816ರಲ್ಲಿ ವೀರಸೇನಾಚಾರ್ಯರು ಮೊದಲ ಐದು ಖಂಡಗಳ ಮೇಲೆ ಧವಲಾ ಟೀಕೆಯನ್ನು ಮುಗಿಸಿದರು. ಅದರ ಅಳತೆ 72,000 ಶ್ಲೋಕ. ಒಂದು ಶ್ಲೋಕಕ್ಕೆ 32 ಅಕ್ಷರ ಎಂಬುದು ಹಳೆಯ ಲೆಕ್ಕ. ಗುಣಿಸಿದರೆ 23 ಲಕ್ಷ ಅಕ್ಷರಕ್ಕೂ ಮೇಲಾಯಿತು. ಆರನೆಯ ಖಂಡವಾದ ಮಹಾಬಂಧ ಬೇರೆಯೇ ಒಂದು ದೊಡ್ಡ ಗ್ರಂಥ.

ಇದರ ಜೊತೆಗೆ ಕಷಾಯಪಾಹುಡದ ಕಥೆಯೂ ಇದೆ. ಗುಣಧರಾಚಾರ್ಯರು ವಿಸ್ತಾರವಾದ ಪೂರ್ವಶ್ರುತವನ್ನು 180 ಗಾಥೆಗಳಿಗೆ ಇಳಿಸಿದರು. ಅದನ್ನು ಬಿಡಿಸಲು ಯತಿವೃಷಭರು 6,000 ಶ್ಲೋಕದಷ್ಟು ಚೂರ್ಣಿಸೂತ್ರ ಬರೆದರು. ಅದನ್ನೂ ಬಿಡಿಸಲು ವೀರಸೇನರು 20,000, ಅವರ ಶಿಷ್ಯ ಜಿನಸೇನರು 40,000, ಒಟ್ಟು 60,000 ಶ್ಲೋಕದ ಜಯಧವಲಾ ಬರೆದು 837ರಲ್ಲಿ ಮುಗಿಸಿದರು. ಶ್ರುತ ಹೀಗೆ ಒಮ್ಮೆ ಕುಗ್ಗಿ ಮತ್ತೆ ಹಿಗ್ಗುತ್ತಲೇ ಬಂದಿದೆ. ನೇಮಿಚಂದ್ರರ ಕಾಲಕ್ಕೆ ಅದು ಹಿಗ್ಗಿದ ಸ್ಥಿತಿಯಲ್ಲಿತ್ತು.

ತಾಳೆಗರಿಯ ಕಾಲದಲ್ಲಿ 72,000 ಶ್ಲೋಕ ಎಂದರೆ ಇಂದಿನವರಿಗೆ ಅಂದಾಜು ಸಿಗುವುದಿಲ್ಲ. ಗರಿಯನ್ನು ಹದಮಾಡಬೇಕು, ಕಂಟದಿಂದ ಒಂದೊಂದೇ ಅಕ್ಷರ ಕೊರೆಯಬೇಕು, ಮಸಿ ಒರೆಸಬೇಕು, ಮತ್ತೊಬ್ಬರು ಕೂತು ತಿದ್ದಬೇಕು. ಬರೆಸುವ ಶ್ರಾವಕನಿಗೆ ಶಾಸ್ತ್ರದಾನದ ಪುಣ್ಯ ಸಿಗುತ್ತದೆ ನಿಜ, ಆದರೆ ಎಷ್ಟು ಮಂದಿಗೆ ಅದು ಸಾಧ್ಯ? ಓದುವುದಂತೂ ಗುರುವಿನ ಸನ್ನಿಧಿಯಲ್ಲಿ ವರ್ಷಗಟ್ಟಲೆ ಕೂರುವ ಮುನಿಗಳಿಗೆ ಮಾತ್ರ. ಹೆಚ್ಚು ಪ್ರತಿಗಳಾಗದ ಗ್ರಂಥಕ್ಕೆ ಒಂದು ಬೆಂಕಿ, ಒಂದು ಗೆದ್ದಲು ಸಾಕು.

ಇಂಥ ಕಾಲದಲ್ಲಿ, 10ನೆಯ ಶತಮಾನದ ಕೊನೆಯ ಭಾಗದಲ್ಲಿ, ಗಂಗರ ನಾಡಿನಲ್ಲಿ ಆಚಾರ್ಯ ನೇಮಿಚಂದ್ರರು ಇದ್ದರು. ಮೂಲಸಂಘ, ದೇಶೀಯ ಗಣದವರು. ತಮ್ಮ ಹುಟ್ಟೂರು, ತಂದೆತಾಯಿ, ಪೂರ್ವಾಶ್ರಮ ಇವುಗಳಿಗಾಗಿ ಅವರು ಒಂದು ಗಾಥೆಯನ್ನೂ ಖರ್ಚು ಮಾಡಿಲ್ಲ. ಆದರೆ ಗುರುಗಳಿಗೆ ಜಾಗ ಕೊಟ್ಟಿದ್ದಾರೆ. ಅಭಯನಂದಿ, ವೀರನಂದಿ, ಇಂದ್ರನಂದಿ ಇವರನ್ನು ಭಕ್ತಿಯಿಂದ ನೆನೆಯುತ್ತಾರೆ. ಕರ್ಮಕಾಂಡದ ಸತ್ತ್ವಸ್ಥಾನದ ವಿಚಾರವನ್ನು ಕನಕನಂದಿ ಗುರುಗಳು ಇಂದ್ರನಂದಿಗಳಿಂದ ಕೇಳಿ ರಚಿಸಿದರು ಎಂದು ತಿಳಿಸಿ, ಆ ಭಾಗದ ಋಣವನ್ನು ಒಪ್ಪಿಕೊಳ್ಳುತ್ತಾರೆ. ಎಲ್ಲವನ್ನೂ ಮೊಟಕು ಮಾಡಿದ ಗ್ರಂಥದಲ್ಲಿ ಇಷ್ಟನ್ನು ಮಾತ್ರ ಮೊಟಕು ಮಾಡಲಿಲ್ಲ ಎಂಬುದು ಗಮನಿಸತಕ್ಕದ್ದು.

ಸಿದ್ಧಾಂತ ಚಕ್ರವರ್ತಿ ಎಂಬ ಬಿರುದಿನ ಅರ್ಥವನ್ನೂ ಅವರೇ ಕರ್ಮಕಾಂಡದಲ್ಲಿ ಸೂಚಿಸಿದ್ದಾರೆ. ಚಕ್ರವರ್ತಿ ಚಕ್ರರತ್ನದಿಂದ ಭರತಕ್ಷೇತ್ರದ ಆರು ಖಂಡಗಳನ್ನು ಗೆಲ್ಲುವಂತೆ, ತಾವು ಬುದ್ಧಿಯೆಂಬ ಚಕ್ರದಿಂದ ಆಗಮದ ಆರು ಖಂಡಗಳನ್ನು ಸಾಧಿಸಿದ್ದಾಗಿ ಹೇಳಿಕೊಳ್ಳುತ್ತಾರೆ. ಇದು ಜಂಭದ ಮಾತಲ್ಲ. ಸಾರ ತೆಗೆಯುವವನು ಮೂಲವನ್ನು ಪೂರ್ತಿ ಬಲ್ಲವನಾಗಿರಬೇಕು. ಅರ್ಧ ಓದಿದವನು ಮಾಡುವ ಸಂಕ್ಷೇಪದಲ್ಲಿ, ಅವನಿಗೆ ಅರ್ಥವಾಗದ ಭಾಗವೇ ಮೊದಲು ಬಿಟ್ಟುಹೋಗುತ್ತದೆ.

ಅವರ ಮುಂದೆ ಕೂತ ಶ್ರಾವಕ ಸಾಮಾನ್ಯನಲ್ಲ. ಗಂಗ ರಾಜರಾದ ಮಾರಸಿಂಹ ಮತ್ತು ರಾಚಮಲ್ಲರ ಮಂತ್ರಿ ಹಾಗೂ ಸೇನಾಪತಿ ಚಾವುಂಡರಾಯ. ವೀರಮಾರ್ತಂಡ, ಸಮರಧುರಂಧರ ಎಂಬ ಬಿರುದುಗಳನ್ನು ಯುದ್ಧಭೂಮಿಯಲ್ಲಿ ಗಳಿಸಿದವನು. ಅಜಿತಸೇನಾಚಾರ್ಯರ ಶಿಷ್ಯ. ಕವಿ ರನ್ನನಿಗೆ ಆಶ್ರಯ ಕೊಟ್ಟವನು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 58 ಅಡಿಯ ಬಾಹುಬಲಿ ಮೂರ್ತಿಯನ್ನು ನಿಲ್ಲಿಸಿದವನು. ಪ್ರತಿಷ್ಠೆಯ ವರ್ಷ 981 ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಗೊಮ್ಮಟ ಎಂಬುದು ಅವನದೇ ಇನ್ನೊಂದು ಹೆಸರು. ಗೊಮ್ಮಟಸಾರ ಎಂದರೆ ಗೊಮ್ಮಟನಿಗಾಗಿ ತೆಗೆದ ಸಾರ.

ಪರಂಪರೆಯಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಒಂದು ದಿನ ಆಚಾರ್ಯರು ಸಿದ್ಧಾಂತ ಗ್ರಂಥದ ಸ್ವಾಧ್ಯಾಯದಲ್ಲಿದ್ದಾಗ ಚಾವುಂಡರಾಯ ದರ್ಶನಕ್ಕೆ ಬಂದ. ಆಚಾರ್ಯರು ಗ್ರಂಥವನ್ನು ಮುಚ್ಚಿದರು. ಏಕೆಂದು ವಿನಯದಿಂದ ಕೇಳಿದಾಗ, ಈ ಸಿದ್ಧಾಂತವನ್ನು ಗೃಹಸ್ಥರು ಓದುವ ಪದ್ಧತಿಯಿಲ್ಲ ಎಂದು ತಿಳಿಸಿದರು. ಹಾಗಾದರೆ ಗೃಹಸ್ಥರಾದ ನಮಗೆ ಇದು ತಿಳಿಯುವ ದಾರಿ ಯಾವುದು ಎಂದು ರಾಯ ಬೇಡಿಕೊಂಡ. ಆ ಬೇಡಿಕೆಯ ಫಲವೇ ಗೊಮ್ಮಟಸಾರ.

ಚಾವುಂಡರಾಯನಿಗೆ ದೊಡ್ಡದನ್ನು ಚಿಕ್ಕದು ಮಾಡುವ ಕಷ್ಟ ಸ್ವತಃ ಗೊತ್ತಿತ್ತು. 978ರಲ್ಲಿ ಅವನೇ 63 ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದಿದ್ದ. ಜಿನಸೇನ ಮತ್ತು ಗುಣಭದ್ರರ ಸುಮಾರು 20,000 ಶ್ಲೋಕದ ಸಂಸ್ಕೃತ ಮಹಾಪುರಾಣ ಅದಕ್ಕೆ ಆಧಾರ. ವರ್ಣನೆಗಳನ್ನು ಇಳಿಸಿ ಕಥೆಯನ್ನು ಉಳಿಸಿದರೆ ಪುರಾಣ ಚಿಕ್ಕದಾಗುತ್ತದೆ. ಸಿದ್ಧಾಂತದಲ್ಲಿ ಇಳಿಸಲು ವರ್ಣನೆಯೇ ಇಲ್ಲ. ಅಲ್ಲಿ ಇರುವುದೆಲ್ಲ ಲೆಕ್ಕ, ಭೇದ, ಕಾರಣ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ.

ಆಚಾರ್ಯರ ಮುಂದೆ ಹಲವು ದಾರಿಗಳಿದ್ದವು. ಐವತ್ತು ಅರವತ್ತು ಗಾಥೆಯಲ್ಲಿ ಜೀವ, ಅಜೀವ, ಕರ್ಮ ಇವುಗಳ ಪರಿಚಯ ಮಾಡಿ ಮುಗಿಸಬಹುದಿತ್ತು. ರಾಯ ಅದನ್ನು ಒಂದೇ ವಾರದಲ್ಲಿ ಕಂಠಪಾಠ ಮಾಡುತ್ತಿದ್ದ, ಆದರೆ ಸಿದ್ಧಾಂತ ಅವನ ಕೈಗೆ ಬರುತ್ತಿರಲಿಲ್ಲ. ಇಲ್ಲವೇ ಧವಲಾದ ಹತ್ತರಲ್ಲಿ ಒಂದು ಪಾಲು ಇಟ್ಟುಕೊಂಡು ಏಳೆಂಟು ಸಾವಿರ ಶ್ಲೋಕದ ಗ್ರಂಥ ಬರೆಯಬಹುದಿತ್ತು. ಆಗ ದಂಡಿನ ಜೊತೆ ತಿರುಗುವ ಗೃಹಸ್ಥನಿಗೆ ಅದು ಮತ್ತೆ ಮುಚ್ಚಿದ ಗ್ರಂಥವೇ. ಆಚಾರ್ಯರು ನಿಂತದ್ದು ಜೀವಕಾಂಡಕ್ಕೆ 730ರ ಮೇಲೆ ಕೆಲವು, ಕರ್ಮಕಾಂಡಕ್ಕೆ 972, ಒಟ್ಟು ಸುಮಾರು 1,700 ಗಾಥೆಗಳಲ್ಲಿ. ಧವಲಾದ ಪಕ್ಕದಲ್ಲಿಟ್ಟರೆ ಸುಮಾರು ನಲವತ್ತರಲ್ಲಿ ಒಂದು ಪಾಲು. ಶ್ರದ್ಧೆಯುಳ್ಳವನು ಕೆಲವು ವರ್ಷಗಳಲ್ಲಿ ಕಂಠಪಾಠ ಮಾಡಬಹುದಾದ ಅಳತೆ ಇದು. ಗರಿಯ ಕಟ್ಟೂ ಒಂದು ಕೈಯಲ್ಲಿ ಎತ್ತುವಷ್ಟು. ಪ್ರಾಕೃತ ಗಾಥೆಯ ಛಂದಸ್ಸು ನಾಲಿಗೆಗೆ ಸುಲಭ, ಒಂದು ಮಾತ್ರೆ ತಪ್ಪಿದರೂ ಕಿವಿಗೆ ತಿಳಿಯುತ್ತದೆ.

ಎಲ್ಲವನ್ನೂ ಹೊಸದಾಗಿ ಕಟ್ಟಬೇಕೆಂಬ ಹಟವೂ ಅವರಿಗಿರಲಿಲ್ಲ. ಹಿಂದಿನ ಆಚಾರ್ಯರಿಂದ ಬಂದ ಅನೇಕ ಗಾಥೆಗಳು, ಧವಲಾದಲ್ಲೂ ಪ್ರಾಕೃತ ಪಂಚಸಂಗ್ರಹದಲ್ಲೂ ಇರುವಂಥವು, ಜೀವಕಾಂಡದಲ್ಲಿ ಹಾಗೆಯೇ ಬಂದಿವೆ. ಗೊಮ್ಮಟಸಾರಕ್ಕೂ ಪಂಚಸಂಗ್ರಹ ಎಂಬ ಹೆಸರುಂಟು. ಚೆನ್ನಾಗಿ ಹೇಳಿದ್ದನ್ನು ಮತ್ತೆ ಹೇಳಲು ಹೋಗಿ ಕೆಡಿಸುವುದಕ್ಕಿಂತ ಎತ್ತಿ ಇಡುವುದು ಮೇಲು ಎಂದು ಅವರು ತಿಳಿದಿದ್ದರು ಎನ್ನಬೇಕು.

ಇನ್ನು ಒಳಗಿನ ಕೆಲಸ ನೋಡೋಣ. ಜೀವಕಾಂಡದಲ್ಲಿ 20 ಪ್ರರೂಪಣೆಗಳಿವೆ. ಗುಣಸ್ಥಾನ, ಜೀವಸಮಾಸ, ಪರ್ಯಾಪ್ತಿ, ಪ್ರಾಣ, ಸಂಜ್ಞೆ, 14 ಮಾರ್ಗಣೆಗಳು, ಉಪಯೋಗ. ಈ ಇಪ್ಪತ್ತರಲ್ಲಿ ಒಂದನ್ನೂ ಅವರು ಬಿಡಲಿಲ್ಲ. ಹಾಗೆಂದು ಎಲ್ಲಕ್ಕೂ ಒಂದೇ ಅಳತೆಯ ಜಾಗವನ್ನೂ ಕೊಡಲಿಲ್ಲ. ಪ್ರಾಣ, ಸಂಜ್ಞೆ, ಉಪಯೋಗ ಇವು ಐದಾರು ಗಾಥೆಗಳಲ್ಲಿ ಮುಗಿಯುತ್ತವೆ. ಜ್ಞಾನಮಾರ್ಗಣೆಯೊಂದೇ 150 ಗಾಥೆಗಳನ್ನು ದಾಟುತ್ತದೆ. ಏಕೆಂದರೆ ಶ್ರುತಜ್ಞಾನದ ಭೇದಗಳು, ಅವಧಿಜ್ಞಾನದ ಕ್ಷೇತ್ರ ಕಾಲದ ಅಳತೆಗಳು ಅಲ್ಲಿವೆ, ಅವನ್ನು ಮೊಟಕು ಮಾಡಿದರೆ ತಪ್ಪು ತಿಳಿವಳಿಕೆಯಾಗುತ್ತದೆ. ಅಂಗಡಿಯಲ್ಲಿ ಎಲ್ಲ ಸರಕಿಗೂ ಒಂದೇ ಅಳತೆಯ ಡಬ್ಬ ಇಡುವವನು ವ್ಯಾಪಾರ ಬಲ್ಲವನಲ್ಲ. ಏಲಕ್ಕಿಗೆ ಚಿಕ್ಕದು, ಅಕ್ಕಿಗೆ ದೊಡ್ಡದು.

ಚಿಕ್ಕದು ಮಾಡುವಲ್ಲಿ ಅವರ ಕೌಶಲ ಕಾಣುವುದು ಪ್ರಮಾದದ ಪ್ರಕರಣದಲ್ಲಿ. ಪ್ರಮತ್ತಸಂಯತ ಗುಣಸ್ಥಾನದ ವಿಚಾರ ಬಂದಾಗ 15 ಪ್ರಮಾದಗಳನ್ನು ಹೇಳಬೇಕು. ವಿಕಥೆ 4: ಸ್ತ್ರೀಕಥೆ, ಭಕ್ತಕಥೆ ಅಂದರೆ ಊಟದ ಹರಟೆ, ರಾಷ್ಟ್ರಕಥೆ, ರಾಜಕಥೆ. ಕಷಾಯ 4: ಕ್ರೋಧ, ಮಾನ, ಮಾಯೆ, ಲೋಭ. ಇಂದ್ರಿಯ 5: ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರ. ಮತ್ತೆ ನಿದ್ರೆ ಒಂದು, ಸ್ನೇಹ ಒಂದು. ಇವು ಒಂದರೊಡನೊಂದು ಸೇರಿದಾಗ 4 ಗುಣಿಲೆ 4 ಗುಣಿಲೆ 5, ಒಟ್ಟು 80 ಭಂಗಗಳಾಗುತ್ತವೆ. ಎಂಬತ್ತನ್ನೂ ಪಟ್ಟಿ ಮಾಡಲು ಹೊರಟರೆ ಎಂಬತ್ತು ಸಾಲು ಬೇಕು, ಪ್ರತಿ ಮಾಡುವವನು ಎಲ್ಲೋ ಒಂದನ್ನು ಬಿಡುವುದೂ ಖಂಡಿತ. ಆಚಾರ್ಯರು ಪಟ್ಟಿ ಕೊಡಲಿಲ್ಲ. ಪಟ್ಟಿ ಮಾಡುವ ವಿಧಾನ ಕೊಟ್ಟರು. ಭಂಗಗಳು ಒಟ್ಟು ಎಷ್ಟು, ಅವನ್ನು ಯಾವ ಕ್ರಮದಲ್ಲಿ ಹರಡಬೇಕು, ಒಂದರಿಂದ ಮುಂದಿನದಕ್ಕೆ ಹೇಗೆ ಸಾಗಬೇಕು, ಸಂಖ್ಯೆ ಹೇಳಿದರೆ ಭಂಗವನ್ನು ಹೇಗೆ ಕಂಡುಹಿಡಿಯಬೇಕು, ಭಂಗ ಹೇಳಿದರೆ ಸಂಖ್ಯೆಯನ್ನು ಹೇಗೆ ಕಂಡುಹಿಡಿಯಬೇಕು. ಕೊನೆಯ ಎರಡಕ್ಕೆ ನಷ್ಟ, ಉದ್ದಿಷ್ಟ ಎಂದು ಹೆಸರು.

ಮಾಡಿ ನೋಡಿದರೆ ತಿಳಿಯುತ್ತದೆ. 42ನೆಯ ಭಂಗ ಯಾವುದು? ವಿಕಥೆಯಿಂದ ಆರಂಭಿಸಿ 42ನ್ನು 4ರಿಂದ ಭಾಗಿಸಿದರೆ ಭಾಗಲಬ್ಧ 10, ಶೇಷ 2. ಎರಡನೆಯ ವಿಕಥೆ, ಅಂದರೆ ಭಕ್ತಕಥೆ. ಶೇಷ ಉಳಿದುದರಿಂದ 10ಕ್ಕೆ 1 ಸೇರಿಸಿ 11. ಅದನ್ನು ಕಷಾಯದ 4ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 3. ಮೂರನೆಯದು ಮಾಯೆ. 2ಕ್ಕೆ 1 ಸೇರಿಸಿ 3. ಅದು ಇಂದ್ರಿಯದ 5ಕ್ಕಿಂತ ಕಡಿಮೆ, ಹಾಗಾಗಿ ಮೂರನೆಯ ಇಂದ್ರಿಯ ಘ್ರಾಣ. ಊಟದ ಹರಟೆ, ಕಪಟ, ಮೂಗಿನ ಚಪಲ, ಇವುಗಳ ಜೊತೆ ನಿದ್ರೆ ಮತ್ತು ಸ್ನೇಹ, ಇದೇ 42ನೆಯದು. ಶೇಷ ಏನೂ ಉಳಿಯದಿದ್ದರೆ ಆ ಗುಂಪಿನ ಕೊನೆಯದನ್ನು ಹಿಡಿಯಬೇಕು, 1 ಸೇರಿಸಬಾರದು. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೇರೆ ಸಂಖ್ಯೆಗಳನ್ನು ಹಾಕಿ ನೋಡಬಹುದು, ಒಂದೂ ತಪ್ಪುವುದಿಲ್ಲ. ಈ ಪ್ರಕರಣಕ್ಕೆ ಅವರು ತೆಗೆದುಕೊಂಡದ್ದು ಹತ್ತು ಹನ್ನೊಂದು ಗಾಥೆ. ವಿಧಾನ ಕಲಿತವನಿಗೆ ಎಂಬತ್ತೇ ಏಕೆ, ಸಾವಿರಗಟ್ಟಲೆ ಭಂಗಗಳಿದ್ದರೂ ಇದೇ ಸಾಕು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಜೀವಕಾಂಡದಲ್ಲೇ ಇದೆ, ಅದು ಇನ್ನೂ ಸ್ವಾರಸ್ಯದ್ದು. ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೇಳಬೇಕಾದ ಕಡೆ ಅವರು ಐದನೆಯ ವರ್ಗದ ಘನ ಎಂದು ಹೇಳಿ ಮುಗಿಸಬಹುದಿತ್ತು, ಹೇಳಿಯೂ ಇದ್ದಾರೆ. ಎರಡರ ವರ್ಗ 4, ಅದರ ವರ್ಗ 16, ಅದರದು 256, ಅದರದು 65,536, ಅದರ ವರ್ಗ 4,29,49,67,296. ಇದೇ ಐದನೆಯದು. ಇದನ್ನು ಇದರಿಂದಲೇ ಮತ್ತೆರಡು ಬಾರಿ ಗುಣಿಸಿದರೆ 29 ಅಂಕಿಗಳ ಸಂಖ್ಯೆ ಬರುತ್ತದೆ: 79228162514264337593543950336. ಎರಡು ಮೂರು ಪದಗಳಲ್ಲಿ ಮುಗಿದ ಕೆಲಸ. ಆದರೂ ಅದರ ಬೆನ್ನಿಗೇ ಇನ್ನೊಂದು ಪೂರ್ತಿ ಗಾಥೆಯಿದೆ. ಅದರಲ್ಲಿ ಈ 29 ಅಂಕಿಗಳೂ ಒಂದೊಂದು ಅಕ್ಷರಕ್ಕೆ ಒಂದೊಂದರಂತೆ ಕಟಪಯಾದಿ ಕ್ರಮದಲ್ಲಿ ಇವೆ. ಬಿಡಿ ಸ್ಥಾನದಿಂದ ಎಣಿಸಿದರೆ ಮೊದಲ ಅಕ್ಷರಕ್ಕೆ 6, ಕೊನೆಯ ಅಕ್ಷರಕ್ಕೆ 7.

ಇಷ್ಟು ಬಿಗಿಯಾಗಿ ಬರೆಯುವ ಆಚಾರ್ಯರು ಒಂದೇ ಸಂಖ್ಯೆಯನ್ನು ಎರಡು ಬಾರಿ ಕೊಟ್ಟದ್ದೇಕೆ? ಹುಂಡಿ ಅಥವಾ ಚೆಕ್ ಬರೆದವರಿಗೆ ಇದರ ಉಪಯೋಗ ಬೇಗ ಹೊಳೆಯುತ್ತದೆ. ಮೊತ್ತವನ್ನು ಅಂಕಿಯಲ್ಲೂ ಬರೆಯುತ್ತಾರೆ, ಅಕ್ಷರದಲ್ಲೂ ಬರೆಯುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಹಿಡಿದು ತಿದ್ದಬಹುದು. ಪ್ರತಿ ಮಾಡುವವನು ಒಂದು ಅಕ್ಷರ ತಪ್ಪಿದರೂ ಘನ ಮಾಡಿ ನೋಡಿದವನು ತಪ್ಪು ಯಾವುದೆಂದು ಹೇಳಬಲ್ಲ. ಸಾವಿರ ವರ್ಷ ಕಳೆದರೂ ಅಂಕಿಗಳು ಇಂದಿಗೂ ತಾಳೆಯಾಗುತ್ತವೆ. ಜಾಗ ಉಳಿಸುವುದಷ್ಟೇ ಗುರಿಯಾಗಿದ್ದರೆ ಈ ಗಾಥೆಯೇ ಬೇಕಿರಲಿಲ್ಲ.

ಹಾಗಾದರೆ ಉಳಿದ ಅಷ್ಟೆಲ್ಲ ಎಲ್ಲಿ ಹೋಯಿತು? ಧವಲಾದಲ್ಲಿ ವೀರಸೇನರು ಪ್ರತಿ ಹೆಜ್ಜೆಗೂ ಶಂಕೆ ಎತ್ತುತ್ತಾರೆ, ಸಮಾಧಾನ ಹೇಳುತ್ತಾರೆ, ಮತ್ತೆ ಶಂಕೆ ಎತ್ತುತ್ತಾರೆ. ಒಂದು ವಿಷಯದಲ್ಲಿ ಆಚಾರ್ಯರಲ್ಲಿ ಎರಡು ಅಭಿಪ್ರಾಯಗಳಿದ್ದರೆ, ದಕ್ಷಿಣ ಪ್ರತಿಪತ್ತಿ ಹೀಗೆ, ಉತ್ತರ ಪ್ರತಿಪತ್ತಿ ಹೀಗೆ ಎಂದು ಎರಡನ್ನೂ ಮುಂದಿಡುತ್ತಾರೆ. ಗೊಮ್ಮಟಸಾರದಲ್ಲಿ ಬಹುತೇಕ ಫಲಿತಾಂಶ ಉಳಿಯಿತು, ಚರ್ಚೆ ಹೋಯಿತು. ರೋಜುಮೇಳದ ದಿನದಿನದ ಬರಹವನ್ನು ಬಿಟ್ಟು ಖಾತೆಯ ಬಾಕಿಯನ್ನು ಮಾತ್ರ ಕೈಗಿಟ್ಟಂತೆ. ವ್ಯವಹಾರ ನಡೆಸಲು ಬಾಕಿ ಸಾಕು. ತಕರಾರು ಬಂದಾಗ ರೋಜುಮೇಳವೇ ಬೇಕು. ಚಾವುಂಡರಾಯನಿಗೆ ಗುರುಗಳು ಎದುರಿಗೇ ಇದ್ದರು, ಸಂಶಯ ಬಂದರೆ ಕೇಳಬಹುದಿತ್ತು. ಗುರುವಿಲ್ಲದೆ ಓದುವ ಮುಂದಿನ ತಲೆಮಾರಿಗೆ ಆ ಅನುಕೂಲ ಇರಲಿಲ್ಲ.

ಚರ್ಚೆ ಬೇಕಾದವರು ದೊಡ್ಡ ಗ್ರಂಥಕ್ಕೆ ಹೋಗುತ್ತಾರೆ ಎಂಬ ಭರವಸೆ ಆಚಾರ್ಯರಿಗಿತ್ತು. ತ್ರಿಲೋಕಸಾರದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೂರು ಲೋಕಗಳ ರಚನೆಯನ್ನು ಸಾವಿರಕ್ಕೆ ಸ್ವಲ್ಪ ಮೇಲೆ ಗಾಥೆಗಳಲ್ಲಿ ಹೇಳುವ ಈ ಗ್ರಂಥದ ಆರಂಭದಲ್ಲಿ 14 ಸಂಖ್ಯಾಧಾರೆಗಳ ಪ್ರಕರಣವಿದೆ. ಅದನ್ನು ಚುಟುಕಾಗಿ ಮುಗಿಸಿ, ವಿಸ್ತಾರ ಬೇಕಾದವರು ಬೃಹದ್ಧಾರಾಪರಿಕರ್ಮ ಎಂಬ ಗ್ರಂಥವನ್ನು ನೋಡಿಕೊಳ್ಳಬೇಕೆಂದು ದಾರಿ ತೋರಿಸಿದ್ದಾರೆ. ಆ ಬೃಹತ್ ಗ್ರಂಥ ಇಂದು ಇಲ್ಲ. ಅದರ ಹೆಸರು ನಮಗೆ ತಿಳಿದಿರುವುದೇ ಈ ಚಿಕ್ಕ ಗ್ರಂಥದಿಂದ. ದೊಡ್ಡದನ್ನು ನಂಬಿ ಚಿಕ್ಕದು ಬರೆದರು, ಉಳಿದದ್ದು ಚಿಕ್ಕದು ಮಾತ್ರ. ಆಗ ಇನ್ನೂ ನಾಲ್ಕು ಗಾಥೆ ಹೆಚ್ಚು ಬರೆದಿದ್ದರೆ ಎಂದು ಇಂದು ಓದುವವರಿಗೆ ಅನ್ನಿಸದೆ ಇರುವುದಿಲ್ಲ.

ಲಬ್ಧಿಸಾರ, ಕ್ಷಪಣಾಸಾರಗಳೂ ಅವರವೇ. ಜಯಧವಲಾದಿಂದ ಆಯ್ದು, ಸಮ್ಯಕ್ತ್ವ ಮತ್ತು ಚಾರಿತ್ರದ ಲಬ್ಧಿ, ಕರ್ಮಕ್ಷಯದ ಕ್ರಮ ಇವನ್ನು ಹೇಳುವ ಗ್ರಂಥ. ಇದು ಇನ್ನೂ ಬಿಗಿ. ತಿಳಿದವರ ಬಳಿ ಕೂತು ಓದದಿದ್ದರೆ ಮುಂದೆ ಸಾಗುವುದಿಲ್ಲ.

ದ್ರವ್ಯಸಂಗ್ರಹದ ಮಾತೂ ಇಲ್ಲಿ ಬರಬೇಕು. ನಮ್ಮ ಪಾಠಶಾಲೆಗಳಲ್ಲಿ ಅದನ್ನು ಈ ಆಚಾರ್ಯರದೇ ಎಂದು ಕಲಿಸುವುದು ರೂಢಿ. ಆದರೆ ಅದನ್ನು ಬರೆದವರು ಮಾಳವದ ಕಡೆಯಲ್ಲಿದ್ದ ಇನ್ನೊಬ್ಬ ನೇಮಿಚಂದ್ರ ಮುನಿಗಳು ಎಂದು ಹಲವು ವಿದ್ವಾಂಸರು ತೋರಿಸಿದ್ದಾರೆ. ಅದರ ಟೀಕಾಕಾರ ಬ್ರಹ್ಮದೇವರು ಹೇಳುವ ಪ್ರಕಾರ ಸೋಮ ಎಂಬ ರಾಜಶ್ರೇಷ್ಠಿಗಾಗಿ ಮೊದಲು 26 ಗಾಥೆಗಳ ಲಘು ದ್ರವ್ಯಸಂಗ್ರಹ ರಚನೆಯಾಯಿತು, ಆಮೇಲೆ ವಿಶೇಷವಾಗಿ ತಿಳಿಸಲೆಂದು 58 ಗಾಥೆಗಳ ಬೃಹತ್ ದ್ರವ್ಯಸಂಗ್ರಹವಾಯಿತು. ನಾವು ಇಂದು ಬಾಯಿಪಾಠ ಮಾಡುವುದು ಈ 58ರದ್ದನ್ನು. ಯಾವ ನೇಮಿಚಂದ್ರರದೇ ಆಗಲಿ, ಕೇಳುವವನನ್ನು ನೋಡಿ ಅಳತೆಯನ್ನು ಹೆಚ್ಚಿಸಿದ ಉದಾಹರಣೆ ಇದು. 26 ಕಡಿಮೆ ಎಂದು ಕಂಡಾಗ ಎರಡುಪಟ್ಟು ಮಾಡಿದರು, ಇಪ್ಪತ್ತುಪಟ್ಟು ಮಾಡಲಿಲ್ಲ.

ಗೊಮ್ಮಟಸಾರದ ವಿಷಯಕ್ಕೆ ಬಂದರೆ, ಅದು ಓದುಗನಿಗೆ ಬಿಗಿಯಾಯಿತು ಎಂಬುದು ಆಚಾರ್ಯರ ಕಾಲದಲ್ಲೇ ಗೊತ್ತಾಗಿತ್ತು. ಕರ್ಮಕಾಂಡದ ಕೊನೆಯ ಗಾಥೆಗಳಲ್ಲಿ ಅವರು ಗೊಮ್ಮಟರಾಯನನ್ನು ಹರಸುತ್ತಾ, ಈ ಸೂತ್ರವನ್ನು ಬರೆಯುವಾಗಲೇ ರಾಯ ದೇಶಭಾಷೆಯಲ್ಲಿ ವೃತ್ತಿಯನ್ನು ರಚಿಸಿದ್ದನ್ನು ಸ್ಮರಿಸುತ್ತಾರೆ. ವೀರಮಾರ್ತಂಡಿ ಎಂಬ ಆ ಕನ್ನಡ ವೃತ್ತಿ ನಮಗೆ ಉಳಿದು ಬಂದಿಲ್ಲ. ಗುರುಗಳು ಪ್ರಾಕೃತದಲ್ಲಿ ಕಿರಿದು ಮಾಡುತ್ತಿದ್ದಂತೆ ಶಿಷ್ಯ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹಿರಿದು ಮಾಡುತ್ತಿದ್ದ ಎಂದಾಯಿತು. ಕಂಠಪಾಠಕ್ಕೆ ಗಾಥೆ, ತಿಳಿಯುವುದಕ್ಕೆ ಕನ್ನಡ. ಎರಡೂ ಸೇರಿಯೇ ಆ ಗ್ರಂಥ ಪೂರ್ಣ ಎಂಬ ಭಾವನೆ ಗುರುಶಿಷ್ಯರಿಗೆ ಇದ್ದಿರಬೇಕು.

ಮುಂದೆ ಅಭಯಚಂದ್ರರು ಸಂಸ್ಕೃತದಲ್ಲಿ ಮಂದಪ್ರಬೋಧಿಕಾ ಬರೆದರು. 1359ರಲ್ಲಿ ಕೇಶವವರ್ಣಿಗಳು ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕಾ ಎಂಬ ದೊಡ್ಡ ವೃತ್ತಿಯನ್ನು ಮುಗಿಸಿದರು. ಗಾಥೆಯಲ್ಲಿ ಮಡಚಿಟ್ಟಿದ್ದ ಲೆಕ್ಕಗಳನ್ನು ಅಂಕಿ, ಸಂಕೇತ, ಕೋಷ್ಟಕಗಳ ಮೂಲಕ ಬಿಡಿಸಿ ತೋರಿಸಿದ ಕೃತಿ ಅದು. ಅದೇ ಹೆಸರಿನ ಸಂಸ್ಕೃತ ಟೀಕೆಯೊಂದು ಉತ್ತರದಲ್ಲಿ ಬಹಳ ಪ್ರಸಿದ್ಧವಾಗಿತ್ತು. ಅದು ಈ ಕನ್ನಡ ವೃತ್ತಿಯನ್ನೇ ಅನುಸರಿಸಿದ್ದು ಎಂಬುದನ್ನು ಆಧಾರಸಹಿತ ತೋರಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆ. ಕನ್ನಡಿಗರಿಗೆ ಇದು ಸಂತೋಷದ ಸಂಗತಿ, ಆದರೂ ನಮ್ಮಲ್ಲೇ ಅನೇಕರಿಗೆ ತಿಳಿದಿಲ್ಲ. ಆ ಸಂಸ್ಕೃತ ಟೀಕೆಯನ್ನು ಹಿಡಿದು ಜಯಪುರದ ಪಂಡಿತ ಟೋಡರಮಲ್ಲರು 1761ರಲ್ಲಿ ತಮ್ಮ ಕಡೆಯ ಢೂಂಢಾರಿ ಭಾಷೆಯಲ್ಲಿ ಸಮ್ಯಗ್ಜ್ಞಾನಚಂದ್ರಿಕಾ ಬರೆದು ಮುಗಿಸಿದರು. ಸಂಕೇತಗಳನ್ನು ವಿವರಿಸುವುದಕ್ಕೇ ಅವರು ಅರ್ಥಸಂದೃಷ್ಟಿ ಎಂಬ ಪ್ರತ್ಯೇಕ ಅಧಿಕಾರವನ್ನು ಸೇರಿಸಬೇಕಾಯಿತು. ಹೀಗೆ 1,700 ಗಾಥೆ ಮತ್ತೆ ಸಾವಿರಾರು ಪುಟವಾಯಿತು. ಗಂಗವಾಡಿಯಲ್ಲಿ ಹುಟ್ಟಿದ ಗ್ರಂಥ ರಾಜಸ್ಥಾನದ ಶ್ರಾವಕರ ದಿನನಿತ್ಯದ ಸ್ವಾಧ್ಯಾಯವಾದದ್ದು ಚಿಕ್ಕದಾಗಿದ್ದುದರಿಂದಲೇ. ಧವಲಾ ಅಷ್ಟು ದೂರ ಪ್ರಯಾಣ ಮಾಡಲಿಲ್ಲ.

ಆದರೆ ಬೆಲೆಯೂ ತೆರಬೇಕಾಯಿತು. ಸಾರ ಕೈಗೆ ಸಿಕ್ಕ ಮೇಲೆ ಮೂಲವನ್ನು ಓದುವವರು ಕಡಿಮೆಯಾದರು ಎಂದು ಪಂಡಿತರು ಹೇಳುತ್ತಾರೆ. ಧವಲಾ, ಜಯಧವಲಾ, ಮಹಾಬಂಧಗಳ ಹಳೆಯ ತಾಳೆಗರಿ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದವು. ಯಾತ್ರಿಕರು ಅವುಗಳ ದರ್ಶನ ಮಾಡಿ ಅರ್ಘ್ಯ ಏರಿಸಿ ಬರುತ್ತಿದ್ದರು. ಶತಮಾನಗಳ ಕಾಲ ಅವು ಪೂಜೆಗೆ ಇದ್ದವು, ಸ್ವಾಧ್ಯಾಯಕ್ಕೆ ಇರಲಿಲ್ಲ. ಆಚಾರ್ಯರು ಸಾರ ತೆಗೆದದ್ದು ತಪ್ಪಾಯಿತೇ ಎಂದು ಕೇಳುವವರಿದ್ದಾರೆ. ಸಾರವೇ ಇಲ್ಲದಿದ್ದರೆ ಆ ನಡುವಿನ ಶತಮಾನಗಳಲ್ಲಿ ಕರ್ಮಸಿದ್ಧಾಂತ ಯಾರ ಬಾಯಲ್ಲೂ ಇರುತ್ತಿರಲಿಲ್ಲ, ಬೀಗ ಹಾಕಿದ ಗರಿಗಳನ್ನು ಮುಂದೆ ಬಿಚ್ಚಿದಾಗ ಅವನ್ನು ಓದಿ ಅರ್ಥಮಾಡಿಕೊಳ್ಳುವವರೂ ಇರುತ್ತಿರಲಿಲ್ಲ. ತಪ್ಪು ಸಾರ ತೆಗೆದವರದಲ್ಲ, ಸಾರ ಸಿಕ್ಕಿತೆಂದು ಮೂಲಕ್ಕೆ ಬೀಗ ಹಾಕಿದವರದು.

19ನೆಯ ಶತಮಾನದ ಕೊನೆಯಲ್ಲಿ ಮೂಡುಬಿದಿರೆಯ ಗರಿಗಳ ಪ್ರತಿ ಮಾಡುವ ಕೆಲಸ ಶುರುವಾಯಿತು. ಹಳಗನ್ನಡ ಲಿಪಿಯಿಂದ ಹೊಸಗನ್ನಡಕ್ಕೂ ದೇವನಾಗರಿಗೂ ಇಳಿಸಲು ವರ್ಷಗಟ್ಟಲೆ ಹಿಡಿಯಿತು. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಅಚ್ಚಾಗಿ ಹೊರಬಂತು. ಎಲ್ಲ ಸೇರಿ 16 ಸಂಪುಟಗಳು. ಆ ಸಂಪುಟಗಳ ಅಡಿಟಿಪ್ಪಣಿಗಳನ್ನು ನೋಡಿದವರಿಗೆ ಮತ್ತೆ ಮತ್ತೆ ಕಾಣುವುದು ಗೋ. ಜೀ., ಗೋ. ಕ. ಎಂಬ ಗುರುತು. ಗೊಮ್ಮಟಸಾರ ಜೀವಕಾಂಡ, ಗೊಮ್ಮಟಸಾರ ಕರ್ಮಕಾಂಡ. ಶತಮಾನಗಳಷ್ಟು ಹಳೆಯ ಗರಿಯಲ್ಲಿ ಅಕ್ಷರ ಅಳಿಸಿದ ಕಡೆ, ಅರ್ಥ ಸಂಶಯವಾದ ಕಡೆ, ಪಂಡಿತರು ತಾಳೆ ನೋಡಲು ಕೈಗೆತ್ತಿಕೊಂಡದ್ದು ಗೊಮ್ಮಟರಾಯನಿಗಾಗಿ ಬರೆದ ಆ ಚಿಕ್ಕ ಗ್ರಂಥವನ್ನು.